ಬಲಗಡೆ ಹತ್ತು, ಎಡಗಡೆ ಎಂಟು

ಬಾಗಲಕೋಟೆಯ ಬಸ್ ಸ್ಟ್ಯಾಂಡಿನ ಹೊರಗೆ ನಿಂತು ಯಾರಿಗಾದರೂ ಒಂದು ವಿಳಾಸ ಕೇಳಿ ನೋಡಿ. "ಗೊತ್ತಿಲ್ಲ" ಅನ್ನುವವರು ಸಿಕ್ಕರೆ ಅವರು ನಮ್ಮ ಊರಿನವರಲ್ಲ ಎಂದು ಖಂಡಿತ ತಿಳಿಯಿರಿ. ನಮ್ಮವರು ಹಾಗೆ ಅನ್ನುವುದಿಲ್ಲ. ಎಲ್ಲಿಂದಲೋ ಬಂದ ಮನುಷ್ಯ, ಬಿಸಿಲಲ್ಲಿ ನಿಂತಿದ್ದಾನೆ, ಬಾಯಿಬಿಟ್ಟು ಕೇಳಿದ್ದಾನೆ. ಅವನನ್ನು ಬರಿಗೈಯಲ್ಲಿ ಕಳಿಸುವುದೆಂದರೇನು? "ಸೀದಾ ಹೋಗ್ರಿ, ಒಂದು ಬೇವಿನ ಗಿಡ ಬರತೈತಿ, ಅಲ್ಲಿ ಯಾರ್ನರ ಕೇಳ್ರಿ" ಎಂದು ಕೈ ತೋರಿಸಿಬಿಡುತ್ತಾರೆ. ಬೇವಿನ ಗಿಡ ಸಿಗುವುದಂತೂ ಖರೆ. ಬೇವಿನ ಗಿಡ ಇಲ್ಲದ ದಿಕ್ಕು ನಮ್ಮ ಕಡೆ ಯಾವುದಿದೆ ಹೇಳಿ?

ನಮ್ಮ ಅಪ್ಪ ಈ ವಿದ್ಯೆಯಲ್ಲಿ ಎಲ್ಲರಿಗಿಂತ ಒಂದು ಕೈ ಮುಂದಿದ್ದರು. ಅವರು ಮಾಸ್ತರರಾಗಿ ನಿವೃತ್ತರಾದವರು. ಊರಿನ ಹೊಸ ಬಡಾವಣೆ ನವನಗರ ಆಗಷ್ಟೇ ಮೈತುಂಬಿಕೊಳ್ಳುತ್ತಿದ್ದ ಕಾಲದಲ್ಲಿ ಒಬ್ಬ ಅಪರಿಚಿತ ಬಂದು ಯಾವುದೋ ಸೆಕ್ಟರಿನ ಯಾವುದೋ ಮನೆ ಕೇಳಿದ. ಅಪ್ಪನಿಗೆ ಆ ಸೆಕ್ಟರು ಯಾವ ಕಡೆ ಎಂಬುದೇ ಗೊತ್ತಿರಲಿಲ್ಲ. ಆದರೆ "ಬರ್ರಿ, ನಾನಽ ತೋರಸ್ತೇನಿ" ಎಂದು ಚಪ್ಪಲಿ ಮೆಟ್ಟಿ ಹೊರಟರು. ಎರಡು ತಾಸಾಯಿತು, ಇಬ್ಬರ ಪತ್ತೆಯೂ ಇಲ್ಲ. ಕೊನೆಗೆ ಆ ಅಪರಿಚಿತನೇ ಅವರಿವರನ್ನು ಕೇಳಿಕೊಂಡು ಅಪ್ಪನನ್ನು ನಮ್ಮ ಮನೆಗೆ ತಂದು ಮುಟ್ಟಿಸಿದ. ಅವ್ವ ಅವನಿಗೆ ಚಹಾ ಮಾಡಿ ಕೊಟ್ಟಳು. ಅಪ್ಪ ಮಾತ್ರ, "ಊರು ಭಾಳ ಬೆಳದದ, ಅವರಿಗೆ ತಿರುಗಾಡಿ ತೋರಿಸಿ ಬಂದೆ" ಅಂದರು.

ಅಂಥವರ ಮಗಳು ನಾನು. ನಮ್ಮದು ಮೂರು ತಲೆಮಾರು ಮಾಸ್ತರಿಕೆ ಮಾಡಿದ ಮನೆತನ. ಬೇರೆ ಮನೆಗಳಲ್ಲಿ ಮಕ್ಕಳು ಬೈಗುಳ ಕಲಿತು ಬಂದರೆ ಬಾಯಿಗೆ ಏಟು ಬೀಳುತ್ತಿತ್ತು, ನಮ್ಮಲ್ಲಿ "ಗೊತ್ತಿಲ್ಲ" ಅಂದರೆ ಬೀಳುತ್ತಿತ್ತು. ಈಗ ನಾನು ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಮನೆ ಮಾಡಿಕೊಂಡು, ದಿನಾಲೂ ಬಸ್ ಹತ್ತಿ, ಹುನಗುಂದದ ಆಚೆಯ ಒಂದು ಹಳ್ಳಿಯ ಸರಕಾರಿ ಹೈಸ್ಕೂಲಿಗೆ ಹೋಗಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಇಪ್ಪತ್ತಾರು ವರ್ಷವಾಯಿತು. ಈ ಇಪ್ಪತ್ತಾರು ವರ್ಷದಲ್ಲಿ ತರಗತಿಯೊಳಗೆ ನಿಂತು ಒಂದು ಸಲವೂ ಆ ಮಾತು ಆಡಿಲ್ಲ ಎಂಬುದು ನನ್ನ ದೊಡ್ಡ ಹೆಮ್ಮೆಯಾಗಿತ್ತು. ಆಗಿತ್ತು ಅಂದೆ, ಗಮನಿಸಿದಿರಿ ತಾನೆ?

ಸುಳ್ಳು ಹೇಳಬಾರದು, ನನಗೆ ಸಾಕಷ್ಟು ಗೊತ್ತಿತ್ತು. ಯಾರಿಗೂ ಬೇಡದ ಚಿಲ್ಲರೆ ಸಂಗತಿಗಳೆಂದರೆ ನನಗೆ ಚಿಕ್ಕಂದಿನಿಂದಲೂ ಜೀವ. ಪಟ್ಟದಕಲ್ಲಿನ ಹಳೆಯ ಹೆಸರು ಕಿಸುವೊಳಲ್, ಅಂದರೆ ಕೆಂಪು ಊರು. ಇಳಕಲ್ ಸೀರೆಯ ಒಡಲಿಗೆ ಬೇರೆ ಹಾಸುನೂಲು, ಸೆರಗಿಗೆ ಬೇರೆ ಹಾಸುನೂಲು; ಎರಡರ ನೂಲನ್ನೂ ಕೊಂಡಿ ಹಾಕಿ ಕೂಡಿಸಿರುತ್ತಾರೆ. ಕಂಪನಿ ನಾಟಕದಲ್ಲಿ ಸತ್ತು ಬಿದ್ದ ರಾಜ, ಜನ "ವನ್ಸ್ ಮೋರ್" ಎಂದು ಕೂಗಿದರೆ ಮೈ ಕೊಡವಿಕೊಂಡು ಎದ್ದು, ಹಾಡನ್ನು ಮತ್ತೊಮ್ಮೆ ಹಾಡಿ, ಮತ್ತೊಮ್ಮೆ ಸಾಯುತ್ತಿದ್ದನಂತೆ. ಇದನ್ನು ಅಪ್ಪ ಕಣ್ಣಾರೆ ಕಂಡೆ ಅನ್ನುತ್ತಿದ್ದರು. ಅಪ್ಪ ಹೇಳಿದ್ದು ಅಂದಮೇಲೆ ಈಗ ನನಗೆ ಸ್ವಲ್ಪ ಅನುಮಾನ. ನಮ್ಮ ಮನೆಯವರು ಬ್ಯಾಂಕಿನಲ್ಲಿದ್ದಾರೆ, ಮಾತು ಕಡಿಮೆ. ಅವರು ಒಮ್ಮೆ, "ನಿನ್ನ ಹತ್ರ ಲೋಕದ ಎಲ್ಲಾ ಪ್ರಶ್ನಿಗೂ ಉತ್ತರ ಅದ. ಮನಿ ಕೀಲಿಕೈ ಎಲ್ಲಿಟ್ಟೀ ಅನ್ನೋದೊಂದು ಬಿಟ್ಟು" ಅಂದಿದ್ದರು. ಆ ಹೊತ್ತಿಗೆ ನಾವಿಬ್ಬರೂ ಬಾಗಿಲ ಹೊರಗೆ ನಿಂತಿದ್ದೆವು.

ತೊಂದರೆ ಎಲ್ಲಿ ಅಂದರೆ, ಗೊತ್ತಿರುವುದು ಎಲ್ಲಿ ಮುಗಿಯುತ್ತದೆ, ಗೊತ್ತಿಲ್ಲದ್ದು ಎಲ್ಲಿ ಶುರುವಾಗುತ್ತದೆ ಎಂಬ ಗಡಿಗಲ್ಲನ್ನು ನಾನು ಯಾವತ್ತೋ ಕಿತ್ತು ಒಗೆದಿದ್ದೆ. ಮಕ್ಕಳು ಕೇಳುತ್ತಿದ್ದರು, ಉತ್ತರ ತಾನಾಗಿ ಬರುತ್ತಿತ್ತು. ಅದು ಓದಿದ ಉತ್ತರವೋ ಆಗಲೇ ಹುಟ್ಟಿದ ಉತ್ತರವೋ ನನಗೇ ತಿಳಿಯುತ್ತಿರಲಿಲ್ಲ. ಮೊಬೈಲ್ ಇತ್ತಲ್ಲ, ತೆಗೆದು ನೋಡಬಾರದಿತ್ತೇ ಅಂತೀರಿ. ಮೊಬೈಲ್ ತೆಗೆದು ನೋಡುವವರು ಯಾರು? ಗೊತ್ತಿಲ್ಲದವರು.

ಹೀಗಿದ್ದ ನನ್ನ ತರಗತಿಗೆ ಮಾಳವ್ವ ಬಂದಳು.

ಎಂಟನೆಯ ಇಯತ್ತೆಗೆ ಸೇರಿದ ಹುಡುಗಿ. ಬೀರಪ್ಪ ದೇವರ ಒಕ್ಕಲಿನ ಮನೆ. ಅಪ್ಪ ಕುರಿ ಸಾಕುತ್ತಾನೆ, ಅಣ್ಣ ಟಂಟಂ ಓಡಿಸುತ್ತಾನೆ. ಎಣ್ಣೆ ಹಚ್ಚಿ ಬಿಗಿದ ಎರಡು ಜಡೆ, ಎರಡಕ್ಕೂ ಕೆಂಪು ರಿಬ್ಬನ್. ಮಾತು ಹೆಚ್ಚಿಲ್ಲ, ಆದರೆ ಪಾಠ ಮುಗಿದು ಉಳಿದ ಮಕ್ಕಳು ಚೀಲ ಕಟ್ಟುವ ಹೊತ್ತಿಗೆ ಸರಿಯಾಗಿ ಕೈ ಎತ್ತುತ್ತಾಳೆ. ಅವಳ ಹತ್ತಿರ ಉದ್ದನೆಯ ಒಂದು ವಹಿ. ಎಡಗಡೆ ಪುಟದಲ್ಲಿ ಪ್ರಶ್ನೆ, ಬಲಗಡೆ ಪುಟದಲ್ಲಿ ಉತ್ತರ, ಉತ್ತರದ ಕೆಳಗೆ ಅದನ್ನು ಹೇಳಿದವರ ಹೆಸರು. "ಹುಣಸೀ ಗಿಡದ ಕೆಳಗ ಯಾಕ ಮಲಗಬಾರದು? - ಅಜ್ಜಿ." "ಬಸ್ಸಿನ ಹಿಂದಿನ ಗಾಲಿ ಯಾಕ ನಾಕು? - ಅಣ್ಣ." ಅಜ್ಜಿಯ ಉತ್ತರವನ್ನು ಅವಳು ಅಷ್ಟಕ್ಕೇ ಬಿಡುವವಳಲ್ಲ. ಅಣ್ಣನನ್ನು ಕೇಳುತ್ತಾಳೆ. ಅಣ್ಣ ಹೇಳಿದ್ದನ್ನು ಅಪ್ಪನ ಹತ್ತಿರ ತೂಗಿ ನೋಡುತ್ತಾಳೆ. ಕುರಿಗೆ ಮೇಲಿನ ಮುಂಗಡೆ ಹಲ್ಲಿಲ್ಲ ಎಂದು ಪುಸ್ತಕದಲ್ಲಿ ಓದಿದ ದಿನ, ಮನೆಗೆ ಹೋಗಿ ಕುರಿಯ ಬಾಯಿ ಬಿಚ್ಚಿ ಬೆರಳು ಹಾಕಿ ನೋಡಿ ಬಂದು, "ಖರೆ ಐತ್ರಿ ಅಕ್ಕೋರ" ಎಂದು ವರದಿ ಒಪ್ಪಿಸಿದಳು. ನನ್ನ ಸರ್ವಿಸಿನಲ್ಲಿ ಇಂಥ ಹುಡುಗಿಯನ್ನು ಕಂಡಿರಲಿಲ್ಲ. ಎದೆ ತುಂಬಿ ಬರುತ್ತಿತ್ತು.

ಇಂಥವಳು ಲೋಕದಲ್ಲಿ ಒಬ್ಬರ ಮಾತನ್ನು ಮಾತ್ರ ಪರೀಕ್ಷೆ ಮಾಡುತ್ತಿರಲಿಲ್ಲ. ಅದು ನನ್ನದು. "ಅಕ್ಕೋರು" ಎಂದು ಹೆಸರು ಬಿತ್ತೆಂದರೆ ಆ ಪುಟ ಮುಗಿಯಿತು.

ಒಂದು ದಿನ ಬಾದಾಮಿಯ ಗುಹೆಗಳ ಪಾಠ ಮಾಡುತ್ತಿದ್ದೆ. ಮೊದಲನೆಯ ಗುಹೆಯ ಮಗ್ಗುಲಲ್ಲಿ ಬಂಡೆಯ ಮೇಲೆ ಕುಣಿಯುವ ಶಿವನಿದ್ದಾನೆ, ಅವನಿಗೆ ಹದಿನೆಂಟು ಕೈ ಅಂದೆ. ಗಂಟೆಯಾಯಿತು. ಮಾಳವ್ವನ ಕೈ ಮೇಲೆದ್ದಿತು.

"ಅಕ್ಕೋರ, ಹದಿನೆಂಟಂದ್ರ ಬಲಕ್ಕ ಎಷ್ಟ್ರಿ, ಎಡಕ್ಕ ಎಷ್ಟ್ರಿ?"

ನಾನು ಬಾದಾಮಿಗೆ ಹೋದದ್ದಕ್ಕೆ ಲೆಕ್ಕವಿಲ್ಲ. ಹೆಚ್ಚು ಕಡಿಮೆ ಪ್ರತಿ ವರ್ಷ ಮಕ್ಕಳನ್ನು ಕರೆದುಕೊಂಡು ಹೋಗುತ್ತೇನೆ. ಆದರೆ ಆ ಶಿವನ ಕೈಗಳನ್ನು ನಾನು ಎಣಿಸಿರಲೇ ಇಲ್ಲ. ಪ್ರವಾಸಕ್ಕೆ ಹೋದ ಯಾವ ಅಕ್ಕೋರೂ ಎಣಿಸಿರುವುದಿಲ್ಲ. ನಾವು ಎಣಿಸುವುದು ಮಕ್ಕಳನ್ನು. ಮೆಟ್ಟಿಲ ಹತ್ತಿರ ಒಮ್ಮೆ, ಮಂಗಗಳ ಗುಂಪು ದಾಟಿದ ಮೇಲೆ ಒಮ್ಮೆ, ಕೆಳಗೆ ಹೊಂಡ ಕಂಡಾಗ ಎದೆ ಧಸಕ್ಕೆಂದು ಮತ್ತೊಮ್ಮೆ. ನಲವತ್ತೊಂದು, ನಲವತ್ತೆರಡು, ಲೇ ಇನ್ನೊಬ್ಬ ಎಲ್ಲಿ? ಶಿವ ಅಲ್ಲಿ ಬೆನ್ನ ಹಿಂದೆ ಕುಣಿಯುತ್ತಲೇ ಇರುತ್ತಾನೆ.

ಸುಮ್ಮನೆ ಒಂಬತ್ತು ಅಂದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅರ್ಧ ಮಾಡಲು ಬರುವ ಯಾರಾದರೂ ಹೇಳುವ ಉತ್ತರ ಅದು. ಆದರೆ ಒಂಬತ್ತು ನನಗೆ ತೀರಾ ಸಪ್ಪೆ ಅನಿಸಿತು. ಅಷ್ಟಕ್ಕೆ ಅಕ್ಕೋರೇ ಯಾಕೆ ಬೇಕು? ನಾಲಗೆ ತಾನಾಗಿಯೇ ಹೊರಳಿತು.

"ಬಲಕ್ಕ ಹತ್ತು, ಎಡಕ್ಕ ಎಂಟು. ಕೊಡೂ ಕೈ ಯಾವಾಗಲೂ ಹೆಚ್ಚಿರಬೇಕಲ್ಲವ್ವಾ?"

ಆಹಾ, ಏನು ಚಂದದ ಮಾತು! ಹೇಳಿದ ಮೇಲೆ ನನಗೇ ರೋಮಾಂಚನವಾಯಿತು. ಮಾಳವ್ವ ಕಣ್ಣು ಅಗಲ ಮಾಡಿ ಬರೆದುಕೊಂಡಳು. ಮುಂದಿನ ವಾರ ಅವಳಪ್ಪ ಶಾಲೆಗೆ ಬಂದವನು ಕೈ ಮುಗಿದು, "ಭಾಳ ಚೊಲೋ ಮಾತು ಹೇಳೀರಿ ಅಕ್ಕೋರ, ಕೊಡೂ ಕೈ ಹೆಚ್ಚಿರಬೇಕಂತ. ನಮ್ಮವ್ವ ಓಣಿ ತುಂಬ ಹೇಳ್ಕೋತ ಅಡ್ಡ್ಯಾಡಾಕತ್ಯಾಳ" ಅಂದ. ನಾನು ದೊಡ್ಡವರ ಹಾಗೆ ತಲೆ ಆಡಿಸಿದೆ.

ಇದಾಗಿ ಎರಡು ವರ್ಷಕ್ಕೆ ಜಿಲ್ಲಾ ಮಟ್ಟದ ರಸಪ್ರಶ್ನೆ ಬಂತು. ಮಾಳವ್ವ ಆಗ ಹತ್ತನೆಯ ಇಯತ್ತೆ. ಜೊತೆಗಾತಿ ಇಳಕಲ್ಲಿನಿಂದ ಬರುವ ರೇಷ್ಮಾ. ಅವಳ ಮನೆಯಲ್ಲಿ ಮಗ್ಗವಿದೆ. ತಾಲೂಕಿನಲ್ಲಿ ಗೆದ್ದರು. ಜಿಲ್ಲೆಯಲ್ಲಿ ಗೆದ್ದ ಜೋಡಿ ಮುಂದಿನ ಹಂತಕ್ಕೆ ಧಾರವಾಡಕ್ಕೆ ಹೋಗಬೇಕು. ನಮ್ಮ ಶಾಲೆಯಿಂದ ಯಾರೂ ಯಾವತ್ತೂ ಅಲ್ಲಿಯ ತನಕ ಹೋದವರಲ್ಲ. ಮಾಳವ್ವನ ಅಪ್ಪ, "ನೀ ಧಾರವಾಡಕ್ಕ ಹೋಗೂದಾದ್ರ ಕುರಿ ಯಾರಿಗರ ಒಪ್ಪಿಸಿ ನಾನೂ ಬರ್ತೇನಿ" ಅಂದಿದ್ದನಂತೆ. ಮದುವೆ ಮುಂಜಿಗೂ ಕುರಿ ಬಿಟ್ಟು ಹೋಗದ ಮನುಷ್ಯ ಅವನು. ಮಗಳಿಗೆ ಇದಕ್ಕಿಂತ ದೊಡ್ಡ ಬಹುಮಾನ ಬೇಕಿರಲಿಲ್ಲ. ವಾರಗಟ್ಟಲೆ ಅವಳು ವಹಿ ಬಿಟ್ಟು ಏಳಲಿಲ್ಲ.

ಸ್ಪರ್ಧೆ ನಡೆದದ್ದು ಬಾಗಲಕೋಟೆಯ ಒಂದು ಸಭಾಭವನದಲ್ಲಿ. ಪ್ರಶ್ನೆ ಕೇಳುವವರು ಪಾಟೀಲ ಸರ್, ನಿವೃತ್ತ ಪ್ರಾಧ್ಯಾಪಕರು, ಬೆಳ್ಳಗಿನ ಮೀಸೆಯ ಹಿಂದೆ ನಗು ಇಟ್ಟುಕೊಂಡ ಮನುಷ್ಯ. ನಾನು ಮೂರನೆಯ ಸಾಲಿನಲ್ಲಿ ಇಳಕಲ್ ಸೀರೆ ಉಟ್ಟು, ಗೆದ್ದವರ ಗುರು ಕೂರುವ ಹಾಗೆ ಕೂತಿದ್ದೆ.

ಇತಿಹಾಸದ ಸುತ್ತಿನಲ್ಲಿ ಕಿಸುವೊಳಲ್ ಬಂತು, ಮಾಳವ್ವ ಗಂಟೆ ಒತ್ತಿದಳು. ನಾಟಕದ ಸುತ್ತಿನಲ್ಲಿ ಕಂಪನಿಯ ಪೇಟಿ ಮಾಸ್ತರರು ಬಾರಿಸುವುದೇನು ಎಂದು ಕೇಳಿದರು. ಪಟ್ಟಣದ ಶಾಲೆಯ ಹುಡುಗರು ತಬಲಾ ಅಂದರು, ನಮ್ಮವರು ಹಾರ್ಮೋನಿಯಂ ಅಂದರು. ವ್ಯಾಪಾರ ಉದ್ದಿಮೆಯ ಸುತ್ತಿನಲ್ಲಿ ಇಳಕಲ್ ಸೀರೆಯ ಒಡಲಿಗೆ ಸೆರಗನ್ನು ಹೇಗೆ ಕೂಡಿಸುತ್ತಾರೆ ಎಂಬ ಪ್ರಶ್ನೆ. ರೇಷ್ಮಾಳಿಗೆ ಮಾತು ಹೊಳೆಯಲಿಲ್ಲ. ಎಡಗೈಯ ತೋರುಬೆರಳನ್ನು ಬಾಗಿಸಿ, ಅದಕ್ಕೆ ಬಲಗೈಯ ತೋರುಬೆರಳನ್ನು ಸಿಕ್ಕಿಸಿ, ಎಳೆದು ತೋರಿಸಿದಳು. "ಹಿಂಗ್ರೀ ಸರ." ಪಾಟೀಲ ಸರ್ ಕಾರ್ಡು ಕೆಳಗಿಟ್ಟು ಚಪ್ಪಾಳೆ ತಟ್ಟಿದರು. ಬೆರಳಿಗೆ ಪೂರ್ತಿ ಅಂಕ ಸಿಕ್ಕಿತು.

ಶಿಶುಗೀತೆಯ ಸುತ್ತಿನ ಬಗ್ಗೆ ಒಂದು ಮಾತು ಹೆಚ್ಚಿಗೆ ಹೇಳಬೇಕು. ಗೋಡೆಯ ಮೇಲೆ ಕೂತು, ಬಿದ್ದು, ಮತ್ತೆ ಯಾರಿಂದಲೂ ಜೋಡಿಸಲಾಗದೆ ಹೋದವನೊಬ್ಬನ ಇಂಗ್ಲಿಷ್ ಹಾಡು ನಿಮಗೆ ಗೊತ್ತಿದೆ. "ಆ ಹಾಡಿನ ಸಾಲುಗಳ ಪ್ರಕಾರ ಅವನು ಏನು?" ಎಂದು ಕೇಳಿದರು ಪಾಟೀಲ ಸರ್. ಮೂರು ಶಾಲೆಯವರು ಒಂದೇ ಉಸಿರಿಗೆ "ಮೊಟ್ಟೆ" ಅಂದರು. ನಾನೂ ಮನಸ್ಸಿನಲ್ಲಿ ಮೊಟ್ಟೆಯೇ ಅಂದೆ. ಮಾಳವ್ವನ ತುಟಿ ಮಾತ್ರ ಒಳಗೊಳಗೇ ಅಲುಗುತ್ತಿತ್ತು. ಹಾಡನ್ನು ಮೊದಲಿನಿಂದ ಕೊನೆಯ ತನಕ ಹೇಳಿಕೊಂಡು ನೋಡುತ್ತಿದ್ದಳು. ಆಮೇಲೆ ಮೆಲ್ಲಗೆ, "ಹಾಡಿನ್ಯಾಗ ಹೇಳೇ ಇಲ್ಲಲ್ರಿ ಸರ. ಪುಸ್ತಕದಾಗ ಚಿತ್ರ ಅಷ್ಟ ಮೊಟ್ಟಿದೈತಿ" ಅಂದಳು. ಅದೇ ಸರಿಯುತ್ತರ. ಸಭೆ ಹೋ ಎಂದಿತು. ನೋಡಿ, ಆ ಹಾಡನ್ನು ನಾನೂ ಸಾವಿರ ಸಲ ಕೇಳಿದ್ದೇನೆ, ನೀವೂ ಕೇಳಿದ್ದೀರಿ. ಇಂಗ್ಲಿಷ್ ಶಿಶುಗೀತೆಗಳ ಹಿಂದೆ ಯಾವುದೋ ರೋಗದ ಕಥೆಯಿದೆ, ಯಾವುದೋ ರಾಣಿಯ ಕಥೆಯಿದೆ ಎಂದು ಬಣ್ಣಿಸುವವರು ಬೇಕಾದಷ್ಟು ಜನ. ಅವುಗಳಲ್ಲಿ ಎಷ್ಟೋ ಕಥೆಗಳು ಹಾಡು ಹುಟ್ಟಿ ಬಹಳ ಕಾಲವಾದ ಮೇಲೆ ಕಟ್ಟಿದವಂತೆ. ಯಾವುದೋ ಮಗು "ಯಾಕೆ?" ಅಂದಿರಬೇಕು, "ಗೊತ್ತಿಲ್ಲ" ಅನ್ನಲಾರದ ಯಾವಳೋ ಬಿಳಿ ಅಕ್ಕೋರು ಆಗಿಂದಾಗಲೇ ಒಂದು ರಾಣಿಯನ್ನು ಹುಟ್ಟಿಸಿರಬೇಕು. ನಮ್ಮ ಕುಲ ದೊಡ್ಡದು.

ಕೊನೆಯದು ನೃತ್ಯದ ಸುತ್ತು. ನಮ್ಮವರಿಗೂ ಪಟ್ಟಣದ ಶಾಲೆಯವರಿಗೂ ಅಂಕ ಸಮ. ಕೊನೆಯ ಪ್ರಶ್ನೆ ನಮ್ಮ ಸರದಿಗೆ.

"ಬಾದಾಮಿಯ ಮೊದಲ ಗುಹೆಯ ಹತ್ತಿರದ ಹದಿನೆಂಟು ತೋಳಿನ ನಟರಾಜನಿಗೆ, ಬಲಗಡೆ ಎಷ್ಟು ಕೈ?"

ಮಾಳವ್ವನ ಮುಖ ಅರಳಿತು. ಅವಳು ರೇಷ್ಮಾಳ ಕಡೆ ತಿರುಗಲೂ ಇಲ್ಲ, ನೇರ ನನ್ನ ಕಡೆ ನೋಡಿ ನಕ್ಕು, "ಹತ್ತು" ಅಂದಳು.

"ತಪ್ಪು ಮಗಳ" ಅಂದರು ಪಾಟೀಲ ಸರ್, ಅವರಿಗೇ ಬೇಸರವಾದಂತೆ. ಪ್ರಶ್ನೆ ಆಚೆಯವರಿಗೆ ಹೋಯಿತು. ಅವರು ಹದಿನೆಂಟನ್ನು ಅರ್ಧ ಮಾಡಿ ಒಂಬತ್ತು ಅಂದರು. ಸರಿಯೆಂದು ಗಂಟೆ ಹೊಡೆಯಿತು. ಮಾಳವ್ವ ಎದ್ದು ನಿಂತಳು.

"ಇಲ್ರಿ ಸರ, ಹತ್ತು ಅದಾವ್ರಿ. ಬಲಕ್ಕ ಹತ್ತು, ಎಡಕ್ಕ ಎಂಟು. ನಿಮ್ಮ ಕಾರ್ಡಿನ್ಯಾಗ ತಪ್ಪಾಗೈತ್ರಿ. ನಮ್ಮ ಅಕ್ಕೋರು ಹೇಳ್ಯಾರ್ರಿ."

ಸಭೆ ಗುಜುಗುಜು. ಪಾಟೀಲ ಸರ್ ಸಿಟ್ಟಾಗಲಿಲ್ಲ. ಸಭೆಯ ಕಡೆ ತಿರುಗಿ, "ನಿಮ್ಮ ಅಕ್ಕೋರು ಬಂದಾರೇನು? ನಾ ತಪ್ಪಿದ್ರೂ ಇರಬಹುದು, ಹೇಳ್ಲಿ ಅವರು" ಅಂದರು. ದೊಡ್ಡ ಮನುಷ್ಯ. ಸಾವಿರ ಪ್ರಶ್ನೆ ಕೇಳಿದವರು ಒಂದು ಹುಡುಗಿಯ ಮುಂದೆ "ನಾ ತಪ್ಪಿದ್ರೂ ಇರಬಹುದು" ಅನ್ನುವುದನ್ನು ನಾನು ಮೊದಲ ಸಲ ಕೇಳಿದ್ದು.

ನಾನು ಎದ್ದೆ. ನಿಮ್ಮ ಹತ್ತಿರ ಮುಚ್ಚಿಡುವುದೇನು, ಏಳುವಷ್ಟರಲ್ಲಿ ಉತ್ತರ ಸಿದ್ಧವಾಗಿಬಿಟ್ಟಿತ್ತು: "ಕೆಲವು ವಿದ್ವಾಂಸರ ಅಭಿಪ್ರಾಯದ ಪ್ರಕಾರ..." ಆ ವಿದ್ವಾಂಸರು ಯಾರು ಎಂದು ಯಾರೂ ಕೇಳುತ್ತಿರಲಿಲ್ಲ. ಸಭೆ ಒಪ್ಪಿದರೂ ಒಪ್ಪುತ್ತಿತ್ತು, ಪ್ರಶ್ನೆ ರದ್ದಾಗಿ ಇನ್ನೊಂದು ಪ್ರಶ್ನೆ ಸಿಗುತ್ತಿತ್ತು, ಕುರಿ ಬಿಟ್ಟು ಅವಳಪ್ಪ ಧಾರವಾಡಕ್ಕೆ ಹೋಗುತ್ತಿದ್ದ. ನಾಲಗೆಯ ತುದಿಯ ತನಕ ಬಂದಿತ್ತು ಮಾತು. ಆಗ ಮಾಳವ್ವನನ್ನು ನೋಡಿದೆ. ಅವಳ ಮುಖದಲ್ಲಿ ಗಾಬರಿಯ ಸುಳಿವೇ ಇರಲಿಲ್ಲ. ಕುರಿಯ ಬಾಯಿಗೆ ಬೆರಳು ಹಾಕಿ ಹಲ್ಲು ಎಣಿಸುವ ಹುಡುಗಿ, ನನ್ನ ಮಾತನ್ನು ಮಾತ್ರ ಎಣಿಸದೆ ಎತ್ತಿಟ್ಟುಕೊಂಡು ಎರಡು ವರ್ಷ ಕಾಪಾಡಿದ್ದಳು.

"ತಪ್ಪು ನಂದು ಸರ" ಅಂದೆ. "ನಾ ಎಣಿಸಿಲ್ಲ. ಬಾಯಿಗೆ ಬಂದದ್ದು ಹೇಳಿದ್ದೆ."

ಯಾರಾದರೂ "ವನ್ಸ್ ಮೋರ್" ಎಂದು ಕೂಗಿ, ಎರಡು ವರ್ಷದ ಹಿಂದಿನ ಆ ಪಾಠವನ್ನು ಮತ್ತೆ ಶುರು ಮಾಡಿಸಬಾರದೇ ಅನಿಸಿತು. ಯಾರೂ ಕೂಗಲಿಲ್ಲ. ಮಾಳವ್ವ ನನ್ನನ್ನೊಮ್ಮೆ ನೋಡಿ, ಕುರ್ಚಿಯ ಮೇಲೆ ಕೂತುಕೊಂಡಳು. ಅಳಲಿಲ್ಲ. ಅತ್ತಿದ್ದರೆ ನನಗೆ ಸಲೀಸಾಗುತ್ತಿತ್ತು.

ಹುಡುಗಿಯರನ್ನು ಊರಿಗೆ ಮುಟ್ಟಿಸಲು ನಾನೂ ಹೊರಟೆ; ಹುನಗುಂದದ ಬಸ್ಸಿನಲ್ಲಿ ಮೂವರೂ ಒಂದೇ ಸೀಟಿನಲ್ಲಿ ಕೂತೆವು. ರೇಷ್ಮಾ ಕಿಟಕಿಗೆ ತಲೆಯಾನಿಸಿ ನಿದ್ದೆ ಹೋದಳು. ಊರು ದಾಟಿದ ಮೇಲೆ ಮಾಳವ್ವ ಚೀಲದಿಂದ ಆ ಉದ್ದನೆಯ ವಹಿ ತೆಗೆದು ತೊಡೆಯ ಮೇಲಿಟ್ಟುಕೊಂಡು, ಪೆನ್ನಿನ ಟೋಪಿ ಬಿಚ್ಚಿದಳು.

"ಅಕ್ಕೋರ, ಮತ್ತ್ಯಾವ್ಯಾವು ಹಂಗ ಹೇಳೀರಿ?"

ಅಯ್ಯೋ ದೇವರೇ, ಇಪ್ಪತ್ತಾರು ವರ್ಷದ ಸರ್ವಿಸಿನಲ್ಲಿ ಎಷ್ಟೋ ತಪಾಸಣೆ ಕಂಡಿದ್ದೇನೆ. ಇಂಥದನ್ನು ಕಂಡಿರಲಿಲ್ಲ. ಅವಳು ಮೊದಲ ಪುಟದಿಂದ ಶುರು ಮಾಡಿದಳು. ಪ್ರಶ್ನೆ ಓದುತ್ತಾಳೆ, ನನ್ನ ಉತ್ತರ ಓದುತ್ತಾಳೆ, ನನ್ನ ಮುಖ ನೋಡುತ್ತಾಳೆ. "ಇದು?" "ಖರೆ." ರೈಟ್ ಮಾರ್ಕು. "ಇದು?" "ಅದೂ ಖರೆ." "ಇದು?" ನಾನು ಕಿಟಕಿಯ ಹೊರಗೆ ನೋಡುತ್ತಿದ್ದೆ. ಅವಳು ಕೇಳದೆಯೇ ಅಡ್ಡ ಗೀಟು ಎಳೆಯುತ್ತಿದ್ದಳು. ಒಂದು ಉತ್ತರಕ್ಕೆ ನಾನು, "ಖರೆ ಇರಬೇಕವ್ವಾ" ಅಂದೆ. "ಇರಬೇಕು ಅನ್ನಬ್ಯಾಡ್ರಿ. ತುಳಸಿಗೇರಿ ಹಣಮಪ್ಪನ ಆಣಿ ಮಾಡಿ ಹೇಳ್ರಿ" ಅಂದಳು. ಆಣೆ ಮಾಡಲಾಗಲಿಲ್ಲ. ಅದಕ್ಕೂ ಗೀಟು ಬಿತ್ತು.

ಅಮೀನಗಡದಲ್ಲಿ ಬಸ್ ನಿಂತಾಗ ಇಳಿದು ಹೋಗಿ ಕರದಂಟು ತಂದೆ. ಲಂಚವೇ ಅನ್ನಿ. ಮಾಳವ್ವ ಅದನ್ನು ತೆಗೆದುಕೊಂಡು, ಮುಟ್ಟದೆ, ವಹಿಯ ಪಕ್ಕದಲ್ಲಿಟ್ಟಳು. "ಇದು ಮುಗೀಲ್ರಿ" ಅಂದಳು. ಹುನಗುಂದ ಕಾಣುವ ಹೊತ್ತಿಗೆ ವಹಿ ಮುಗಿಯಿತು. ನಾನು ಅಂದುಕೊಂಡದ್ದಕ್ಕಿಂತ ರೈಟ್ ಮಾರ್ಕು ಹೆಚ್ಚಿದ್ದವು, ಅದೊಂದು ಸಮಾಧಾನ. ಆದರೆ ಗೀಟು ಬಿದ್ದ ಉತ್ತರಗಳನ್ನೆಲ್ಲ ಒಮ್ಮೆ ಕಣ್ಣಾಡಿಸಿದಾಗ ನಾಚಿಕೆಯಿಂದ ಮೈ ಹಿಡಿಯಾಯಿತು. ಖರೆ ಉತ್ತರಗಳಿಗಿಂತ ಅವೇ ಹೆಚ್ಚು ಚಂದವಾಗಿದ್ದವು. ಮಾಳವ್ವ ವಹಿ ಮುಚ್ಚಿ, ಕರದಂಟಿನ ತುಣುಕು ಮುರಿದು, ಮೊದಲು ನನ್ನ ಕೈಗೆ ಕೊಟ್ಟಳು.

"ಅಕ್ಕೋರ, ನೀವು ಎದ್ದು ಹೇಳದಿದ್ರ ನಂಗ ತಿಳೀತಿರಲಿಲ್ರಿ" ಅಂದಳು. ಅಷ್ಟೇ. ಅದು ಕ್ಷಮೆಯೋ, ಬರಿಯ ದಾಖಲೆಯೋ ನನಗೆ ಈಗಲೂ ಸ್ಪಷ್ಟವಿಲ್ಲ.

ಅವಳ ಅಜ್ಜಿ ಮಾತ್ರ ಸೋಲೊಪ್ಪಲಿಲ್ಲವಂತೆ. ಬಲಕ್ಕೂ ಎಡಕ್ಕೂ ಒಂಬತ್ತೊಂಬತ್ತೇ ಅಂತೆ ಎಂದು ಮೊಮ್ಮಗಳು ಹೇಳಿದರೆ, "ಹಂಗಾರ ಕಲ್ಲು ಕೆತ್ತಿದಾಂವ ತಪ್ಯಾನ" ಅಂದಳಂತೆ. ಓಣಿಯಲ್ಲಿ ಇವತ್ತಿಗೂ ಶಿವನಿಗೆ ಬಲಗಡೆ ಹತ್ತೇ ಕೈ. ಒಮ್ಮೆ ಬಾಯಿಂದ ಬಿದ್ದ ಮಾತನ್ನು ಒಂದೊಂದೇ ಮನೆಗೆ ಹೋಗಿ ವಾಪಸು ತರುವುದು ಆಗದ ಕೆಲಸ.

ಆ ವರ್ಷದ ಪ್ರವಾಸಕ್ಕೆ ಬಾದಾಮಿಗೇ ಹೋದೆವು. ಮಕ್ಕಳನ್ನು ಎಣಿಸುವ ಕೆಲಸವನ್ನು ಡ್ರಿಲ್ ಮಾಸ್ತರರಿಗೆ ಒಪ್ಪಿಸಿದೆ. ಮಾಳವ್ವನೂ ನಾನೂ ನಟರಾಜನ ಮುಂದೆ ಹೋಗಿ ನಿಂತೆವು. ಮುಂಜಾನೆಯ ಬಿಸಿಲಿತ್ತು. ಕೆಂಪು ಕಲ್ಲಿನಲ್ಲಿ ಅವನು, ಪಕ್ಕದಲ್ಲಿ ಪುಟ್ಟ ಗಣಪ, ವಾದ್ಯ ಬಾರಿಸುವವನೊಬ್ಬ. ಬೀಸಣಿಗೆಯ ಹಾಗೆ ಬಿಚ್ಚಿಕೊಂಡ ಕೈಗಳು. ಇಷ್ಟು ವರ್ಷ ಈ ಚೆಲುವಿಗೆ ಬೆನ್ನು ಹಾಕಿ ನಿಂತು ಮಕ್ಕಳ ತಲೆ ಎಣಿಸಿದೆನಲ್ಲ ಎಂದು ನನ್ನನ್ನೇ ಬೈದುಕೊಂಡೆ.

"ಅಕ್ಕೋರ, ಬಲ ಅಂದ್ರ ನಮ್ಮ ಬಲಾನೋ, ಅವನ ಬಲಾನೋ?"

ಅದನ್ನೂ ನಾನು ಯೋಚಿಸಿರಲಿಲ್ಲ. ಎರಡೂ ಕಡೆ ಎಣಿಸಿದೆವು, ಬೆರಳು ಮಾಡಿ, ಒಂದೊಂದಾಗಿ, ಗಟ್ಟಿಯಾಗಿ. ಈ ಕಡೆ ಒಂಬತ್ತು. ಆ ಕಡೆ ಒಂಬತ್ತು. ಯಾರ ಬಲವಾದರೂ ನಡೆಯುತ್ತಿತ್ತು. ಸಪ್ಪೆ ಎಂದು ನಾನು ಬಿಟ್ಟ ಒಂಬತ್ತು ಅಲ್ಲಿ ಹೇಗೆ ಕುಣಿಯುತ್ತಿತ್ತು ಅನ್ನುತ್ತೀರಿ! ನಾನು ಸೇರಿಸಿದ್ದ ಒಗ್ಗರಣೆ ಅದಕ್ಕೆ ಬೇಕಾಗಿಯೇ ಇರಲಿಲ್ಲ.

ಮಾಳವ್ವ ವಹಿ ಬಿಚ್ಚಿ, ಹಳೆಯ ಉತ್ತರವನ್ನು ಹೊಡೆದು ಹಾಕಿ, "ಒಂಬತ್ತು. ಎಣಿಸೇವಿ" ಎಂದು ಬರೆದಳು. ಆಮೇಲೆ ಬಹಳ ಹೊತ್ತು ಕಲ್ಲನ್ನೇ ನೋಡುತ್ತ ನಿಂತಳು. ಅವಳ ಕೈ ಮೆಲ್ಲಗೆ ಮೇಲೆ ಹೋಗಿ, ಗಾಳಿಯಲ್ಲಿ ಆ ಕಡೆ ಈ ಕಡೆ ಆಡಿತು.

"ಅಕ್ಕೋರ, ಇವು ಖರೇನ ಹದಿನೆಂಟು ಕೈ ಏನ್ರಿ? ಇಲ್ಲಾ ಇರೂವು ಎರಡಽ ಕೈ, ಕುಣೀವಾಗ ಎಲ್ಲೆಲ್ಲಿ ಹೋಗ್ತಾವು ಅಂತ ತೋರ್ಸಾಕ ಹಿಂಗ ಕೆತ್ಯಾರೇನ್ರಿ?"

ನಾನು ಕಲ್ಲನ್ನು ನೋಡಿದೆ. ನಿಂತಿದ್ದ ಶಿವ ಕಣ್ಣೆದುರಿಗೇ ಚಲಿಸಿದ ಹಾಗಾಯಿತು. ಇಪ್ಪತ್ತಾರು ವರ್ಷದಲ್ಲಿ ನನ್ನ ತಲೆಗೆ ಒಮ್ಮೆಯೂ ಬಾರದ ಪ್ರಶ್ನೆಯನ್ನು, ಹದಿನೈದು ವರ್ಷದ ಹುಡುಗಿ, ಎಣಿಸಿದ ಮೇಲೆ ಕೇಳಿದ್ದಳು. ಎಣಿಸದೆ ಅದು ಹುಟ್ಟುತ್ತಲೇ ಇರಲಿಲ್ಲ. ಅವಳನ್ನು ತಬ್ಬಿಕೊಳ್ಳಬೇಕು ಅನಿಸಿತು. ಅಷ್ಟರಲ್ಲಿ ನಾಲಗೆಯ ಮೇಲೆ ಎರಡು ಉತ್ತರ ಬಂದು ಕೂತವು, ಒಂದಕ್ಕಿಂತ ಒಂದು ಸೊಗಸು. ಎರಡನ್ನೂ ನುಂಗಿದೆ.

"ಗೊತ್ತಿಲ್ಲವ್ವಾ" ಅಂದೆ.

ಹೇಳುವುದಕ್ಕೆ ಇಷ್ಟು ಹಗುರ ಇರುತ್ತದೆಂದು ನಮ್ಮ ಮನೆತನದಲ್ಲಿ ಯಾರೂ ನನಗೆ ಹೇಳಿರಲಿಲ್ಲ.

ಮಾಳವ್ವ ಎಡಗಡೆ ಪುಟದಲ್ಲಿ ಪ್ರಶ್ನೆ ಬರೆದಳು. ಬಲಗಡೆ ಪುಟದಲ್ಲಿ "ಗೊತ್ತಿಲ್ಲ" ಎಂದು ಬರೆದು, ಕೆಳಗೆ "ಅಕ್ಕೋರು" ಎಂದು ನನ್ನ ಹೆಸರು ಹಾಕಿದಳು. ಒಂದು ಗಳಿಗೆ ಪೆನ್ನು ಎತ್ತಿ ಹಿಡಿದು ನನ್ನ ಮುಖ ನೋಡಿದಳು. ಈ ಸಲ ಯಾವ ಆಣೆಯನ್ನೂ ಕೇಳಲಿಲ್ಲ. ಆ ಉತ್ತರದ ಮುಂದೆ ತಾನೇ ದೊಡ್ಡದಾಗಿ ಒಂದು ರೈಟ್ ಮಾರ್ಕು ಹಾಕಿದಳು.